ಕಿವಿ ಖಾತೆ

ಆ ಮನೆಯಲ್ಲಿ ಕಷ್ಟದ ಮಾತನ್ನು ಸ್ವಂತ ದನಿಯಲ್ಲಿ ಆಡುವ ಪದ್ಧತಿಯೇ ಇರಲಿಲ್ಲ.

ಗ್ಯಾಸು ಮುಗಿದರೆ ಸೊಸೆ ಅದನ್ನು ಆಸ್ಪತ್ರೆಯ ನರ್ಸಿನ ದನಿಯಲ್ಲಿ ತಿಳಿಸುತ್ತಿದ್ದಳು: "ನಮ್ಮ ಕೈಲಾದ್ದೆಲ್ಲ ಮಾಡಿದ್ವಿ. ಬೆಳಿಗ್ಗೆ ಆರೂವರೆಗೆ ಹೋಗ್ಬಿಟ್ರು." ಮೊಮ್ಮಗಳಿಗೆ ಪರೀಕ್ಷೆಯಲ್ಲಿ ಅಂಕ ಕಡಿಮೆಯಾದರೆ ಅವಳು ಹವಾಮಾನ ವರದಿ ಓದುತ್ತಿದ್ದಳು: "ಗಣಿತ ಪ್ರದೇಶದಲ್ಲಿ ಮೂವತ್ತೆರಡು. ಸಂಜೆ ಅಪ್ಪನ ಕಡೆಯಿಂದ ಗುಡುಗುವ ಸಾಧ್ಯತೆ." ಸಂಗತಿ ಇನ್ನೂ ದೊಡ್ಡದಾದರೆ, ಬಾಡಿಗೆ ಏರಿತು, ನೆಂಟರು ಒಂದು ವಾರ ಇರುತ್ತಾರೆ, ಇಂಥದ್ದೇನಾದರೂ ಆದರೆ, ತೀರಿಹೋದ ತಾತನನ್ನೇ ಕರೆಸಬೇಕಾಗುತ್ತಿತ್ತು. ತಾತ ಟಿಕೆಟ್ ತಪಾಸಣೆಯ ಕೆಲಸದಲ್ಲಿದ್ದವರು. ಎರಡು ಸಲ ಕೆಮ್ಮಿ, "ಹೂಂ... ವಿಷಯ ಏನಪ್ಪಾ ಅಂದ್ರೆ" ಅನ್ನದೆ ಕುಡಿಯಲು ನೀರು ಕೂಡ ಕೇಳಿದವರಲ್ಲ. ಸತ್ತು ಎಂಟು ವರ್ಷವಾಗಿದ್ದರೂ ಆ ಮನೆಯ ಕೆಟ್ಟ ಸುದ್ದಿಗಳನ್ನೆಲ್ಲ ಅವರೇ ಹೇಳಬೇಕಿತ್ತು. ಪಾಪ, ಅವರಿಗೆ ನಿವೃತ್ತಿಯೇ ಇರಲಿಲ್ಲ.

ಈ ವಿದ್ಯೆ ಶುರುವಾದದ್ದು ಅಜ್ಜಿಯಿಂದ. ಅಜ್ಜಿ ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿನವರ ದನಿಗಳನ್ನು ಒಂದಕ್ಕೊಂದು ಜೋಡಿಸಿದವಳು. ಸಂಜೆ ಮನೆಗೆ ಬರುವಾಗ ನಾಲ್ಕೈದು ದನಿಗಳನ್ನು ಜೊತೆಗೇ ತರುತ್ತಿದ್ದಳು. ಅವಳ ಮಗ ಬಸ್ ನಿಲ್ದಾಣದಲ್ಲಿ ಅನೌನ್ಸರ್. ಹುಟ್ಟಿದಾಗ ಇಟ್ಟ ಹೆಸರು ಏನೇ ಇರಲಿ, ಊರಿಗೆಲ್ಲ ಅವನು 'ಮೈಕು'. ಮೈಕುವಿನ ಮಗಳು ಕಾಲೇಜು ಮುಗಿಸಿಕೊಂಡು ಸಂಜೆ ಪ್ರತಿ ತೆಗೆಯುವ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಯಾರ ದನಿಯನ್ನಾದರೂ ಎರಡೇ ನಿಮಿಷದಲ್ಲಿ ಪ್ರತಿ ತೆಗೆಯುತ್ತಿದ್ದ ಅವಳನ್ನು ಎಲ್ಲರೂ 'ಜೆರಾಕ್ಸ್' ಅನ್ನುತ್ತಿದ್ದರು. ಸೊಸೆ ಮದುವೆಯಾಗಿ ಬಂದಾಗ ಗಂಭೀರ ಹುಡುಗಿಯೇ. ಮೂರು ತಿಂಗಳಲ್ಲಿ ಕೆಟ್ಟಳು. ಈಗ ಮುಂದಿನ ಕೋಣೆಯಲ್ಲಿ ಜಿಪ್ಪು, ಚೀಲ, ಸೂಟ್‌ಕೇಸು ರಿಪೇರಿ ಮಾಡಿಕೊಂಡು, ಬಂದ ಗಿರಾಕಿಗಳನ್ನು ಅವರು ಹೋದ ಮೇಲೆ ಮತ್ತೊಮ್ಮೆ ಬರಿಸುತ್ತಿದ್ದಳು.

ಇಂಥ ಮನೆಯಲ್ಲಿ ಅಜ್ಜಿಯ ಕಿವಿ ಮಂದವಾಗುತ್ತ ಬಂದಿತ್ತು. ನಾಲ್ಕು ವರ್ಷದಿಂದ ಅವಳಿಗೆ ನಗುವವರ ಬಾಯಿ ಕಾಣುತ್ತಿತ್ತು, ಯಾಕೆ ನಗುತ್ತಿದ್ದಾರೆ ಅನ್ನುವುದು ಕೇಳುತ್ತಿರಲಿಲ್ಲ. "ತಡ ಮಾಡ್ಬೇಡಿ. ಕೇಳದೆ ಕೂತ ಕಿವಿ ಕೇಳೋದನ್ನೇ ಮರೆಯುತ್ತೆ," ಎಂದಿದ್ದರು ಕಿವಿ ಡಾಕ್ಟರು. ಎರಡು ಕಿವಿಗೆ ಎರಡು ಮಿಷನ್. ಅದಕ್ಕೆಂದೇ ಅಜ್ಜಿ ಮತ್ತು ಮೈಕುವಿನ ಹೆಸರಲ್ಲಿ ಬ್ಯಾಂಕಿನಲ್ಲಿ ಒಂದು ಖಾತೆ ತೆರೆದು, ಪಿಂಚಣಿಯಿಂದ ಅಜ್ಜಿ, ಜಿಪ್ಪಿನಿಂದ ಸೊಸೆ, ಕಾಗದದಿಂದ ಜೆರಾಕ್ಸ್, ಮೂರು ವರ್ಷ ತುಂಬಿದ್ದರು. ಮನೆಯಲ್ಲಿ ಅದರ ಹೆಸರು ಕಿವಿ ಖಾತೆ. ಮಿಷನ್ ಹಾಕುವ ದಿನ ಗೊತ್ತಾಗಿತ್ತು, ಇನ್ನು ಆರು ವಾರ. ಸೋಮವಾರ ಮುಂಗಡ ಕಟ್ಟಬೇಕಿತ್ತು.

ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದರು. ಬ್ರೆಡ್ಡು, ಮೊಟ್ಟೆ, ಬೇಯಿಸಿದ ಆಲೂಗಡ್ಡೆ. ಮೈಕು ಚಮಚ ಕೆಳಗಿಟ್ಟು ಎರಡು ಸಲ ಕೆಮ್ಮಿದ.

"ಹೂಂ... ವಿಷಯ ಏನಪ್ಪಾ ಅಂದ್ರೆ... ಕಿವಿ ಖಾತೆ ಖಾಲಿ ಕಣ್ರಮ್ಮಾ. ಬಾಜಿ ಕಟ್ಟಿ ಕಳೆದ್ಬಿಟ್ಟೆ. ಎಲ್ಲಾನೂ."

ಸೊಸೆ ಎಷ್ಟು ನಕ್ಕಳೆಂದರೆ ಮೊಟ್ಟೆ ನೆತ್ತಿಗೇರಿತು. ಜೆರಾಕ್ಸ್ ಚಪ್ಪಾಳೆ ಹೊಡೆದಳು. "ಅಪ್ಪಾ, ಆ ಎರಡನೇ ಕೆಮ್ಮು! ಥೇಟ್ ತಾತ! ಇನ್ನೊಂದ್ಸಲ, ಇನ್ನೊಂದ್ಸಲ!"

ಮೈಕು ಇನ್ನೊಂದು ಸಲ ಹೇಳಿದ. ಅವರು ಇನ್ನೂ ಜೋರಾಗಿ ನಕ್ಕರು.

ಅಜ್ಜಿ ಮಾತ್ರ ನಗಲಿಲ್ಲ. ಕೇಳಿಸಿಲ್ಲವೇನೋ ಎಂದು ಜೆರಾಕ್ಸ್ ಅವಳ ಕಿವಿಯ ಹತ್ತಿರ ಕೂಗಿದಳು: "ಅಪ್ಪ ತಾತನ ಥರ ಮಾಡ್ತಿದಾನೆ ಅಜ್ಜಿ!"

"ಹೂಂ, ನೋಡ್ದೆ," ಎಂದು ಅಜ್ಜಿ ಮಗನ ತಟ್ಟೆಗೆ ಇನ್ನೊಂದು ಆಲೂಗಡ್ಡೆ ಹಾಕಿದಳು.

ಸೋಮವಾರ ಸೊಸೆ ಅಜ್ಜಿಯ ರುಜು ಇದ್ದ ಚೀಟಿ ಹಿಡಿದು ಬ್ಯಾಂಕಿನ ಕಿಟಕಿಯ ಮುಂದೆ ನಿಂತಳು. ಗುಮಾಸ್ತ ಪರದೆ ನೋಡಿ, ಚೀಟಿ ನೋಡಿ, ಅವಳನ್ನು ನೋಡಿದ.

"ಇದರಲ್ಲಿ ನಾನೂರ ಹನ್ನೆರಡು ಇದೆ ಮೇಡಂ."

"ಸೊನ್ನೆಗಳನ್ನ ಬಿಟ್ಟು ಹೇಳ್ತಿದೀರಾ?"

"ಸೊನ್ನೆ ಬಿಡೋ ಅಧಿಕಾರ ನನಗಿಲ್ಲ ಮೇಡಂ."

ಆ ಗುಮಾಸ್ತನ ದನಿಯನ್ನು ಅವಳು ಮನೆಗೆ ತರಲಿಲ್ಲ. ಹಾಗೆ ಬರಿಗೈಯಲ್ಲಿ ಬಂದದ್ದು ಅದೇ ಮೊದಲು.

ಸಂಜೆ ಅಡುಗೆಮನೆಯಲ್ಲಿ ಅಜ್ಜಿ ಬೀನ್ಸಿನ ನಾರು ತೆಗೆಯುತ್ತಿದ್ದಳು. ಜೆರಾಕ್ಸ್ ಬಾಗಿಲಿಗೆ ಒರಗಿ ನಿಂತಿದ್ದಳು. ಮೈಕು ಕೆಲಸದ ಅಂಗಿಯನ್ನೂ ಬಿಚ್ಚಿರಲಿಲ್ಲ.

"ಎಷ್ಟು ದಿನದಿಂದ?" ಎಂದಳು ಸೊಸೆ.

"ಹನ್ನೊಂದು ತಿಂಗಳು."

"ಎಲ್ಲಿ?"

"ಕೆಲಸದಲ್ಲೇ. ಫೋನಿನಲ್ಲಿ. ಒಂದು ಬಸ್ಸಿಗೂ ಇನ್ನೊಂದು ಬಸ್ಸಿಗೂ ಮಧ್ಯೆ ಏಳು ನಿಮಿಷ ಇರುತ್ತಲ್ಲ..."

"ಏಳು ನಿಮಿಷದಲ್ಲಿ ಮೂರು ವರ್ಷದ ದುಡ್ಡಾ?"

"ದಿನಕ್ಕೆ ನಲವತ್ತು ಬಸ್ಸು ಕಣೇ."

"ಯಾವ ಆಟದ ಮೇಲೆ?"

"ಯಾವುದು ನಡೀತಿರುತ್ತೋ ಅದು. ಯಾವುದೋ ದೇಶದ ವಾಲಿಬಾಲು. ತಂಡದ ಹೆಸರು ಓದೋಕೂ ಬರ್ತಿರ್ಲಿಲ್ಲ."

"ಊರಿಗೆಲ್ಲ ಊರಿನ ಹೆಸರು ಓದಿ ಹೇಳೋರು ನೀವು!"

"ಮೊದಲು ಮಿತಿ ಇಟ್ಕೊಂಡಿದ್ದೆ. ದಿನಕ್ಕೊಂದು ಚಹಾದ ದುಡ್ಡು, ಅಷ್ಟೇ. ಒಂದು ನಿಮಿಷಾನೂ ತಪ್ಪಿಸದ ಡ್ರೈವರ್ ಒಬ್ಬ ಇದಾನೆ, ಗಡಿಯಾರ ಅಂತೀವಿ, ಅವನು ಹಾಗೇ ಆಡ್ತಾನೆ. ಸೋತ್ರೆ ಫೋನು ಜೇಬಿಗೆ, ಅವನು ಸ್ಟೀರಿಂಗಿಗೆ. ನಾನು ಸೋತಿದ್ದನ್ನ ವಾಪಸ್ ತರೋಣ ಅಂತ ಒಂದು ದಿನ ಮಿತಿ ಎತ್ತಿದೆ. ಅದು ಆಮೇಲೆ ಕೆಳಗೆ ಇಳೀಲೇ ಇಲ್ಲ. 'ಜವಾಬ್ದಾರಿಯಿಂದ ಆಡಿ' ಅಂತ ಜಾಹೀರಾತಿನ ಕೊನೇಲಿ ಹೇಳ್ತಾರೆ..." ಎಂದವನು ಚಟಕ್ಕೆ ಬಿದ್ದು ಆ ಮಾತನ್ನು ಜಾಹೀರಾತಿನವನ ವೇಗದಲ್ಲೇ, ಬಸ್ಸು ತಪ್ಪಿಹೋಗುತ್ತದೆ ಎಂದು ಓಡುವವನ ಹಾಗೆ, ಒಂದೇ ಉಸಿರಿಗೆ ಹೇಳಿಬಿಟ್ಟ.

ಯಾರೂ ನಗಲಿಲ್ಲ.

"ಅಮ್ಮನ ಕಿವಿಗೆ ಮಿಷನ್ ಇಡ್ತೀನಿ ಅಂತ ನಮ್ಮೆಲ್ಲರ ಕಿವಿಗೂ ಹೂ ಇಟ್ರಲ್ರೀ," ಎಂದಳು ಸೊಸೆ.

"ನಿನ್ನೆ ಹೇಳಿದ್ನಲ್ಲ!"

"ನೀವು ಹೇಳಿದ್ರಾ? ನಿಮ್ಮಪ್ಪನ ಕೈಲಿ ಹೇಳಿಸಿದ್ರಿ!"

ಇಷ್ಟು ಹೊತ್ತು ಬಾಯಿಗಳನ್ನೇ ನೋಡುತ್ತಿದ್ದ ಅಜ್ಜಿ ಬೀನ್ಸಿನ ತಟ್ಟೆ ಪಕ್ಕಕ್ಕಿಟ್ಟಳು.

"ಹೇಳಿದ ಕಣಮ್ಮ. ನೀವೆಲ್ಲ ದನಿ ಕೇಳಿ ನಕ್ಕಿರಿ. ನನಗೆ ದನಿ ಎಲ್ಲಿ ಕೇಳುತ್ತೆ? ಮುಖ ನೋಡ್ದೆ."

"ಮತ್ತೆ ಸುಮ್ನೆ ಯಾಕಿದ್ರಿ ಅತ್ತೆ?"

"ಆಲೂಗಡ್ಡೆ ಹಾಕಿದ್ನಲ್ಲ. ಹದಿನೈದು ದಿನದಿಂದ ಅರ್ಧ ತಟ್ಟೆ ಬಿಟ್ಟು ಏಳ್ತಿದಾನೆ. ತಟ್ಟೆ ತೊಳೆಯೋಳು ನಾನು. ನನಗೆ ಗೊತ್ತಾಗಲ್ವಾ?"

ಮುಂಗಡವನ್ನು ಮಿಷನ್ ಹಾಕುವ ದಿನವೇ ಕೊಡಿ ಎಂದರು ಕಿವಿ ಡಾಕ್ಟರು. ಆ ವಾರ ಮನೆಯಲ್ಲಿ ಕಾಯಿದೆಗಳು ಜಾರಿಗೆ ಬಂದವು. ಸಂಬಳ ಸೊಸೆಯ ಕೈಗೆ, ಮೈಕುವಿನ ಕೈಗೆ ಬಸ್ಸಿನ ಚಿಲ್ಲರೆ. ಮೈಕು ಆಣೆ ಮಾಡಿದ. ಆಣೆಯ ಮೇಲೆ ಜೆರಾಕ್ಸ್‌ಗೆ ಅಷ್ಟು ನಂಬಿಕೆ ಇರಲಿಲ್ಲ. ಬಾಜಿ ಕಂಪನಿಯ ಖಾತೆಯನ್ನೇ ಮುಚ್ಚಿಸಿದರೆ ಮುಗಿಯಿತಲ್ಲ ಎಂದು ಬುಧವಾರ ಅಪ್ಪನ ಫೋನು ಕಸಿದುಕೊಂಡು, ಗಂಟಲನ್ನು ಎದೆಯೊಳಕ್ಕೆ ಇಳಿಸಿ, ಕಂಪನಿಗೆ ಕರೆ ಮಾಡಿದಳು.

"ನನ್ನ ಖಾತೆ ಮುಚ್ಚಬೇಕು," ಎಂದಿತು ಮೈಕುವಿನ ದನಿ, ಮಗಳ ಬಾಯಿಂದ.

"ನಿಮ್ಮಂಥ ಆಟಗಾರರನ್ನ ಕಳ್ಕೊಳ್ಳೋದು ನಮಗೆ ತುಂಬಾ ಬೇಜಾರು ಸರ್," ಎಂದ ಆ ಕಡೆಯವನು.

"ಇಟ್ಕೊಂಡಿರೋದು ನಮ್ಮನೇಲಿ ಅದಕ್ಕಿಂತ ಬೇಜಾರು."

"ನಿಮ್ಮ ದನಿ ಸ್ವಲ್ಪ ಬೇರೆ ಥರ ಇದೆ ಸರ್?"

"ಶೀತ."

ಹುಟ್ಟಿದ ದಿನ ಕೇಳಿದ, ಹೇಳಿದಳು. ತಾಯಿಯ ಹೆಸರು ಕೇಳಿದ, ಅಜ್ಜಿಯದು ಹೇಳಿದಳು. ಖಾತೆ ಮುಚ್ಚಿತು. ಪಕ್ಕದಲ್ಲೇ ಕೂತಿದ್ದ ಮೈಕು ಸೋತ ನಗೆ ನಕ್ಕು, "ನನಗಿಂತ ಚೆನ್ನಾಗಿ ನಾನು ಮಾತಾಡಿದೆ," ಎಂದ. ಅವತ್ತು ರಾತ್ರಿ ಊಟಕ್ಕೆ ತಲೆಗೆ ಎರಡೆರಡು ಮೊಟ್ಟೆ.

ಎರಡು ವಾರ ಕಳೆಯಿತು. ಸೊಸೆ ಚೀಲ ಹೊಲಿದಳು, ಅಜ್ಜಿ ಪಿಂಚಣಿ ತಂದಳು, ಕಿವಿ ಖಾತೆಯಲ್ಲಿ ಸೊನ್ನೆಗಳು ಮತ್ತೆ ಒಂದೊಂದಾಗಿ ಕೂರತೊಡಗಿದವು. ಒಂದು ಸಂಜೆ ಜೆರಾಕ್ಸ್ ಕಾಲೇಜಿನಿಂದ ಬಂದು ನಿಲ್ದಾಣದಲ್ಲಿ ನಾಲ್ಕೂಕಾಲರ ಬಸ್ಸಿಗೆ ಕಾಯುತ್ತಿದ್ದಳು. ಧ್ವನಿವರ್ಧಕ ಗರಗರ ಅಂದಿತು. ಅಪ್ಪನ ದನಿ.

"ಪ್ರಯಾಣಿಕರ ಗಮನಕ್ಕೆ. ನಾಲ್ಕು ಹದಿನೈದರ ಬಸ್ಸು ಎರಡು-ಒಂದರಿಂದ ಮುಂದಿದೆ."

ಜನ ಒಂದು ಕ್ಷಣ ನಿಂತು ಯೋಚಿಸಿದರು. ಅರ್ಧ ಜನ ಎರಡನೇ ಅಂಕಣಕ್ಕೆ ಓಡಿದರು, ಅರ್ಧ ಜನ ಒಂದನೆಯದಕ್ಕೆ. ಕೊಡೆ ಹಿಡಿದ ಒಬ್ಬ ಮುದುಕರು ಇಪ್ಪತ್ತೊಂದನೇ ಅಂಕಣ ಎಲ್ಲಿದೆ ಎಂದು ವಿಚಾರಿಸತೊಡಗಿದರು. ಆ ನಿಲ್ದಾಣದಲ್ಲಿ ಇದ್ದದ್ದೇ ಆರು. ಬಸ್ಸು ನಾಲ್ಕನೆಯದರಿಂದ ಯಾರನ್ನೂ ಹತ್ತಿಸಿಕೊಳ್ಳದೆ ಹೊರಟುಹೋಯಿತು.

ಜೆರಾಕ್ಸ್ ಕಬ್ಬಿಣದ ಮೆಟ್ಟಿಲು ಹತ್ತಿ ಅಪ್ಪನ ಗಾಜಿನ ಕೋಣೆಯ ಬಾಗಿಲು ತಳ್ಳಿದಳು. ಮೈಕಿನ ಪಕ್ಕದಲ್ಲಿ ಚಹಾದ ಫ್ಲಾಸ್ಕು, ಫ್ಲಾಸ್ಕಿಗೆ ಒರಗಿಸಿದ ಫೋನು, ಫೋನಿನಲ್ಲಿ ಯಾರೋ ಚೆಂಡಿಗೆ ಹಾರುತ್ತಿದ್ದರು.

"ಅಪ್ಪಾ. ಮುಚ್ಚಿಸಿದ್ನಲ್ಲ?"

ಮೈಕು ಫೋನನ್ನು ಮಗುಚಿ ಇಟ್ಟ. "ಮಾರನೇ ದಿನ ಕರೆ ಮಾಡ್ದೆ. ಯಾರೋ ನನ್ನ ದನಿ ಮಾಡಿ ನಿಮಗೆ ಮೋಸ ಮಾಡಿದಾರೆ ಅಂದೆ. ಕ್ಷಮೆ ಕೇಳಿದ್ರು. ತೆರೆದುಕೊಟ್ರು. ಮೇಲೆ ಐನೂರು ಉಡುಗೊರೆ."

"ದುಡ್ಡು?"

"ಕ್ಯಾಂಟೀನಿನವನ ಹತ್ರ ಕೈಸಾಲ." ಅವನು ಕಿಟಕಿಯಾಚೆ ನೋಡುತ್ತ ಹೇಳಿದ. "ಇನ್ನು ಇಪ್ಪತ್ತೇ ದಿನ ಕಣೇ. ಅಷ್ಟರಲ್ಲಿ ಅಜ್ಜಿ ಕಿವಿ ದುಡ್ಡು ಗೆದ್ದುಬಿಟ್ರೆ ಸಾಕು ಅಂತ. ಆಮೇಲೆ ಖಂಡಿತ ಬಿಡ್ತಿದ್ದೆ."

ಕೆಳಗಿನಿಂದ ಮೇಲ್ವಿಚಾರಕರು ಕೂಗುತ್ತ ಮೆಟ್ಟಿಲು ಹತ್ತುವುದು ಕೇಳಿಸಿತು. ಜೆರಾಕ್ಸ್ ಇಳಿದು ಬಂದಳು. ಮುಖ ತೊಳೆಯಲು ನಿಲ್ದಾಣದ ಹೆಂಗಸರ ಶೌಚಾಲಯಕ್ಕೆ ಹೋದಳು. ಬಾಗಿಲ ಹಿಂದೆ ಮೂಲೆ ಕಿತ್ತ ಒಂದು ಹಳದಿ ಕಾಗದ ಇತ್ತು. ಎರಡು ವರ್ಷದಿಂದ ನೋಡುತ್ತಿದ್ದರೂ ಓದಿರಲಿಲ್ಲ. 'ನೀವು ಆಟ ಆಡುತ್ತಿದ್ದೀರೋ, ಆಟ ನಿಮ್ಮನ್ನು ಆಡಿಸುತ್ತಿದೆಯೋ? ಮಾತಾಡೋಣ. ಕರೆ ಉಚಿತ.' ಕೆಳಗೊಂದು ಸಂಖ್ಯೆ.

ಅಂಗಡಿಗೆ ಹೋಗಿ, ಯಾರದೋ ಬಾಡಿಗೆ ಕರಾರಿನ ನಲವತ್ತು ಪ್ರತಿಗೆ ಯಂತ್ರ ಚಾಲೂ ಮಾಡಿ, ಆ ಸದ್ದಿನ ಮರೆಯಲ್ಲಿ ಸಂಖ್ಯೆ ಒತ್ತಿದಳು. ಮತ್ತೆ ಅಪ್ಪನ ದನಿಯೇ. ಅವಳಿಗೆ ಬೇರೆ ದಾರಿ ತೋಚಲಿಲ್ಲ.

"ನಾನು ಬಸ್ ನಿಲ್ದಾಣದಲ್ಲಿ ಅನೌನ್ಸರು. ನಮ್ಮಮ್ಮನ ಕಿವಿಗೆ ಇಟ್ಟಿದ್ದ ದುಡ್ಡು ಬಾಜೀಲಿ ಕಳೆದೆ."

"ಹೇಳಿ," ಎಂದಳು ಒಬ್ಬ ಹೆಂಗಸು. ಅವಸರವಿಲ್ಲದ ದನಿ. ಎದುರಿಗೆ ಕೂತು ಬಟಾಣಿ ಬಿಡಿಸುತ್ತಿರುವವಳ ಹಾಗೆ.

"ಬಿಡ್ತೀನಿ ಅಂತೀನಿ, ಬಿಡೋಕಾಗ್ತಿಲ್ಲ. ಹೆಂಡತಿ ಹಗಲೂ ರಾತ್ರಿ ಹೊಲೀತಾಳೆ. ನನ್ನ ಮಗಳು... ಮಗಳು ಪಾಪ..." ದನಿ ಅಲ್ಲಿ ಎಡವಿತು.

"ಮಗಳಿಗೆ ಏನನ್ನಿಸ್ತಿದೆ?"

"ಗೊತ್ತಿಲ್ಲ."

"ಅವಳನ್ನೇ ಕೇಳೋಣ ಅಲ್ವಾ? ಫೋನಿನಲ್ಲೇ ಇದಾಳಲ್ಲ."

ಯಂತ್ರ ಹದಿನೇಳನೇ ಪ್ರತಿ ಉಗುಳಿತು. ಜೆರಾಕ್ಸ್ ಅತ್ತಳು. ಅಳುವುದಕ್ಕೆ ಮಾತ್ರ ಅವಳ ಹತ್ತಿರ ಬೇರೆಯವರ ದನಿ ಇರಲಿಲ್ಲ.

ಆ ಹೆಂಗಸು ಕಾದಳು. ಆಮೇಲೆ ಹೇಳಿದಳು: "ನೀವು ಕರೆ ಮಾಡಿದ್ದು ತಪ್ಪಲ್ಲ. ಮನೆಯವರ ಜೊತೇಲೂ ನಾವು ಮಾತಾಡ್ತೀವಿ, ನಿಮಗೂ ಬೇಕಾಗುತ್ತೆ. ಆದ್ರೆ ಅಪ್ಪನ ಬದಲಿಗೆ ನೀವು ಬಿಡೋಕಾಗಲ್ಲಮ್ಮ. ಅವರೇ ಕರೆ ಮಾಡ್ಬೇಕು."

"ದಿನಕ್ಕಿಷ್ಟೇ ಅಂತ ಮಿತಿ ಇಟ್ಟು ಆಡಿದ್ರೆ ಆಗಲ್ವಾ? ಅವನ ಸ್ನೇಹಿತ ಒಬ್ಬ ಹಾಗೇ ಆಡ್ತಾನಂತೆ."

"ಕೆಲವರಿಗೆ ಆಗುತ್ತೆ. ಮಿತಿ ಇಟ್ಟು, ಎತ್ತಿ, ಮತ್ತೆ ಇಟ್ಟು, ಮತ್ತೆ ಎತ್ತಿದವರಿಗೆ ಕಷ್ಟ. ಅವರಿಗೆ ಸೊನ್ನೆನೇ ಒಳ್ಳೇ ಮಿತಿ. ಇನ್ನೊಂದು ಮಾತು. ಅವರ ಸಾಲ ನೀವು ಗುಟ್ಟಾಗಿ ತೀರಿಸ್ಬೇಡಿ. ಬೈದು ಮೂಲೆಗೆ ತಳ್ಳಲೂ ಬೇಡಿ, ಏನೂ ಆಗಿಲ್ಲ ಅನ್ನೋ ಹಾಗೆ ಇರಲೂ ಬೇಡಿ. ಇದು ಕೆಟ್ಟವರಿಗೆ ಬರೋ ರೋಗ ಅಲ್ಲ, ಯಾರಿಗೂ ಬರುತ್ತೆ. ಹೊರಗೆ ಬಂದವರೂ ತುಂಬಾ ಜನ ಇದಾರೆ. ಒಬ್ಬರೇ ಕೂತು ಬಂದವರು ಮಾತ್ರ ಕಡಿಮೆ."

ಮನೆಗೆ ಹೋಗಿ ಜೆರಾಕ್ಸ್ ಎಲ್ಲವನ್ನೂ ಹೇಳಿದಳು. ಅಜ್ಜಿಗಾಗಿ ಒಂದು ಹಾಳೆಯ ಮೇಲೆ ಬರೆದೂ ಕೊಟ್ಟಳು. ಅಜ್ಜಿ ಓದಿ, ಹಾಳೆ ಮಡಚಿ ಕನ್ನಡಕದ ಡಬ್ಬಿಯೊಳಗಿಟ್ಟಳು.

"ಇವತ್ತಿಂದ ಊಟದ ಹೊತ್ತಲ್ಲಿ ಯಾರೂ ಯಾರ ದನಿನೂ ತರೋ ಹಾಗಿಲ್ಲ. ನಿಮ್ಮ ತಾತನಿಗೂ ಸ್ವಲ್ಪ ರಜ ಕೊಡಿ."

ಎಂಥ ನೀರಸ ವಾರ ಅದು! ಊಟದ ಮೇಜಿನಲ್ಲಿ ಚಮಚಗಳದ್ದೇ ಸಂಭಾಷಣೆ. ಸೊಸೆ ತನ್ನ ದನಿಯಲ್ಲಿ "ಉಪ್ಪು ಕೊಡಿ" ಎಂದರೆ ಮದುವೆಯಾದ ಹೊಸತರಲ್ಲಿನ ಹಾಗೆ ಗಂಡ ಹೆಂಡತಿ ಇಬ್ಬರಿಗೂ ನಾಚಿಕೆ. ಗ್ಯಾಸು ಮುಗಿದದ್ದನ್ನು ಅವಳು ಸುಮ್ಮನೆ "ಗ್ಯಾಸು ಮುಗೀತು" ಎಂದು ಹೇಳಿದಾಗ ಎಲ್ಲರೂ ಮುಂದಿನ ಸಾಲಿಗೆ ಕಾದರು. ಮುಂದಿನ ಸಾಲೇ ಇರಲಿಲ್ಲ. ಮೈಕುವಿಗೆ ಮೇಲ್ವಿಚಾರಕರಿಂದ ನೋಟೀಸು ಬಂದಿತ್ತು. ಇನ್ನೊಂದು ತಪ್ಪಾದರೆ ಮೈಕು ಇಲ್ಲದ ಕೆಲಸಕ್ಕೆ ಹಾಕುತ್ತೇವೆ, ಎಂದು ಅದರಲ್ಲಿತ್ತು. ಅದನ್ನೂ ಅವನು ಓದಿ ಹೇಳದೆ ಮೇಜಿನ ಮೇಲಿಟ್ಟು ಎದ್ದುಹೋದ.

ಗುರುವಾರ ಸಾಯಂಕಾಲ ಟೊಮ್ಯಾಟೊ ಸೂಪು. ಸೊಸೆ ಬಟ್ಟಲನ್ನು ನೋಡಿಕೊಂಡೇ ಹೇಳಿದಳು:

"ನನಗೆ ಹೆದರಿಕೆ ಆಗ್ತಿದೆ ಕಣ್ರೀ."

ಇದನ್ನೇ ನರ್ಸಿನ ದನಿಯಲ್ಲಿ ಹೇಳಿದ್ದರೆ ನಕ್ಕು ಮುಗಿಸಬಹುದಿತ್ತು. ಈಗ ಮಾತು ಸೂಪಿನ ಜೊತೆ ಮೇಜಿನ ಮೇಲೇ ಉಳಿಯಿತು.

"ನಿಮ್ಮ ಫೋನು ಕುಂಯ್ ಅಂದ್ರೆ ಸಾಕು, ನನ್ನ ಕೈ ಸೂಜಿ ಮೇಲೆ ಹೋಗುತ್ತೆ." ಬೆರಳುಗಳನ್ನು ಬಿಡಿಸಿ ತೋರಿಸಿದಳು. ತುದಿಯಲ್ಲೆಲ್ಲ ಕೆಂಪು ಚುಕ್ಕೆ. "ಬಿಟ್ಟು ಹೋಗ್ತೀನಿ ಅಂತ ಹೆದರಿಸ್ತಿಲ್ಲ. ಹೀಗೇ ಕಾಯ್ತಾ ಕೂತಿರ್ತೀನಿ ಅಂತಾನೂ ಹೇಳ್ತಿಲ್ಲ. ಹೆದರಿಕೆ ಆಗ್ತಿದೆ, ಅಷ್ಟೇ."

ಮೈಕು ಬಾಯಿ ತೆರೆದ. ಎರಡು ಸಲ ಕೆಮ್ಮಿದ. "ಹೂಂ..."

ಅಜ್ಜಿ ಚಮಚದಿಂದ ಅವನ ಬಟ್ಟಲಿಗೆ ಟಣ್ ಎಂದು ಹೊಡೆದಳು. "ಅವರು ಹೋಗಿ ಎಂಟು ವರ್ಷ ಆಯ್ತು. ನೀನು ಹೇಳು."

ದಿನಕ್ಕೆ ನಲವತ್ತು ಸಲ ಸಾವಿರಾರು ಜನರೊಂದಿಗೆ ಮಾತಾಡುವವನು ಮೂರು ಜನರ ಎದುರಿನಿಂದ ಎದ್ದುಬಿಟ್ಟ. ಎಲ್ಲರ ಬಟ್ಟಲು ತೆಗೆದುಕೊಂಡು ಹೋಗಿ ತೊಳೆದ. ಖಾಲಿಯಾಗದ ಬಟ್ಟಲನ್ನೂ ತೊಳೆದ. ಆಮೇಲೆ ಒದ್ದೆ ಕೈಯಲ್ಲೇ ಮಗಳ ಮುಂದೆ ನಿಂತು, "ಆ ನಂಬರ್ ಕೊಡು," ಎಂದು ಅವಳ ಫೋನು ತೆಗೆದುಕೊಂಡು ಹಿತ್ತಿಲ ಮೆಟ್ಟಿಲ ಮೇಲೆ ಕೂತ.

ಅಡುಗೆಮನೆಯಲ್ಲಿ ಮೂರು ಹೆಂಗಸರು ಒಣಗಿದ ಪಾತ್ರೆಗಳನ್ನೇ ಮತ್ತೆ ಮತ್ತೆ ಒರೆಸಿದರು. ಬಾಗಿಲ ಸಂದಿಯಿಂದ ಕೇಳಿಸಿತು:

"ನಮಸ್ಕಾರ. ನಾನು... ನಾನೇ ಮಾತಾಡ್ತಿರೋದು. ಹಾಂ. ಹೋದ ವಾರ ಕರೆ ಮಾಡಿದ್ದು ನನ್ನ ಮಗಳು. ಇದು ನಾನು."

"ಏನಂತೆ?" ಅಜ್ಜಿ ಇಡೀ ಬೀದಿಗೆ ಕೇಳುವ ಹಾಗೆ ಪಿಸುಗುಟ್ಟಿದಳು. "ಯಾರ ದನೀಲಿ?"

"ಅವನದೇ ಅಜ್ಜಿ."

"ಹೇಗಿದೆ?"

"ಸಣ್ಣಗಿದೆ."

"ಇರ್ಲಿ ಬಿಡು. ಬೆಳೆಯುತ್ತೆ."

ಶನಿವಾರ ಮೈಕು ಗ್ರಂಥಾಲಯದ ಮೇಲಿನ ಕೋಣೆಯಲ್ಲಿ ಸೇರುವ ಗುಂಪಿಗೆ ಹೋದ. ಹನ್ನೊಂದು ಕುರ್ಚಿ, ಒಂದು ಕೆಟಲು. ವಾಪಸು ಬಂದವನನ್ನು ಸೊಸೆ ಬಾಗಿಲಲ್ಲೇ ಹಿಡಿದಳು.

"ಯಾರ್ಯಾರಿದ್ರು?"

"ಹೆಸರು ಹೇಳೋ ಹಾಗಿಲ್ಲ. ಒಬ್ಬರು ಹಲ್ಲಿನ ಡಾಕ್ಟರು. ಒಬ್ಬಳು ಶಾಲೇಲಿ ಅಡುಗೆ ಮಾಡ್ತಾಳೆ. ಒಬ್ಬ ಹುಡುಗ, ಇನ್ನೂ ಮೀಸೆ ಬಂದಿಲ್ಲ. ಯಾರೂ ನನ್ನ ಹಾಗಿಲ್ಲ, ಎಲ್ಲರೂ ನನ್ನ ಕತೇನೇ ಹೇಳಿದ್ರು. ಅಷ್ಟು ಜನ ಸೇರಿ ನನ್ನ ಮಿಮಿಕ್ರಿ ಮಾಡಿದ್ದನ್ನ ಇವತ್ತೇ ನೋಡಿದ್ದು ಕಣೇ."

"ನೀವೇನು ಹೇಳಿದ್ರಿ?"

"ಹನ್ನೊಂದು ತಿಂಗಳು ಅಂದೆ. ಕಿವಿ ಅಂದೆ. ಅಷ್ಟರಲ್ಲಿ ಕೆಟಲು ಕುದೀತು. ಮುಂದಿನ ವಾರ ಉಳಿದದ್ದು."

ಫೋನಿನ ಆ ಹೆಂಗಸು ಹೇಳಿಕೊಟ್ಟ ಹಾಗೆ ಮೈಕು ತಾನೇ ಪತ್ರ ಬರೆದು, ತಾನೇ ರುಜು ಹಾಕಿ, ಐದು ವರ್ಷ ತನ್ನನ್ನು ಒಳಗೆ ಬಿಡಕೂಡದು ಎಂದು ಬಾಜಿ ಕಂಪನಿಗೆ ಕೊಟ್ಟ. ಯಾರ ದನಿ ಬಂದರೂ ತೆರೆಯಬೇಡಿ, ನನ್ನದು ಬಂದರೂ, ಎಂದು ಕೊನೆಯಲ್ಲಿ ಸೇರಿಸಿದ್ದ. ಬ್ಯಾಂಕಿನಲ್ಲಿ ಅಂಥ ಪಾವತಿಗಳಿಗೆ ತಡೆ ಹಾಕಿಸಿದ. ಸೊನ್ನೆ ಬಿಡುವ ಅಧಿಕಾರವಿಲ್ಲದ ಅದೇ ಗುಮಾಸ್ತ ಎದ್ದುನಿಂತು ಕೈ ಕುಲುಕಿದನಂತೆ. ಕ್ಯಾಂಟೀನಿನವನ ಸಾಲಕ್ಕೆ ವಾರಕ್ಕಿಷ್ಟು ಎಂದು ತಾನೇ ಹೋಗಿ ಮಾತಾಡಿದ. ಬಣ್ಣದ ಫೋನು ಹೋಗಿ ಗುಂಡಿಯ ಹಳೇ ಫೋನು ಬಂತು.

ಇಷ್ಟಾದರೂ ಆ ಏಳು ನಿಮಿಷ ಹಾಗೇ ಉಳಿದಿತ್ತು, ದಿನಕ್ಕೆ ನಲವತ್ತು ಸಲ.

"ಕೈ ಸುಮ್ನೆ ಇರಲ್ಲ ಕಣೇ," ಎಂದ ಮೈಕು. "ಫ್ಲಾಸ್ಕಿನ ಪ್ಲಾಸ್ಟಿಕ್ಕು ಕೆರೆದು ಕೆರೆದು ಅರ್ಧ ಮಾಡಿದೀನಿ."

ಸೊಸೆ ಒಂದು ಚೀಲ ತುಂಬ ಕೆಟ್ಟ ಜಿಪ್ಪುಗಳನ್ನು ತುಂಬಿ ಅವನ ಮುಂದಿಟ್ಟಳು. ಜೊತೆಗೊಂದು ಇಕ್ಕಳ. "ಒಂದು ಬಸ್ಸಿಗೆ ಒಂದು ಜಿಪ್ಪು."

ಮೊದಲ ದಿನ ಮೂರು ಜಿಪ್ಪು ಸರಿಹೋಗಿ, ಐದು ಸತ್ತುಹೋದವು. "ಹಲ್ಲು ಸರಿಯಾಗಿ ಕೂರಲ್ಲ ಕಣೇ." "ನಿಮ್ಮ ಗುಂಪಲ್ಲಿ ಡಾಕ್ಟರಿದಾರಲ್ಲ, ಕೇಳಿ." ವಾರದೊಳಗೆ ದಿನಕ್ಕೆ ಇಪ್ಪತ್ತು ಜಿಪ್ಪು ಬಂದವು. ಗಡಿಯಾರ ಡ್ರೈವರ್ ತನ್ನ ಹರಿದ ಚೀಲ ತಂದ, ಕಂಡಕ್ಟರುಗಳು ತಂದರು, ಕೊನೆಗೆ ಮೇಲ್ವಿಚಾರಕರ ಪ್ಯಾಂಟು ಬಂತು. ಕೂಲಿಯೆಲ್ಲ ಕಿವಿ ಖಾತೆಗೆ. ಆ ಖಾತೆಗೆ ಈಗ ಅಜ್ಜಿಯ ಜೊತೆ ಸೊಸೆಯ ಹೆಸರು.

ನಡುವೆ ಒಂದು ಸಂಜೆ ಮೈಕು ಬ್ರೆಡ್ಡು ಮುರಿಯದೆ ಕೂತ. ಕೆಮ್ಮಲಿಲ್ಲ.

"ಇವತ್ತು ಮೂಲೆ ಅಂಗಡೀಲಿ ಕೆರೆದು ನೋಡೋ ಲಾಟರಿ ಚೀಟಿ ಒಂದು ತಗೊಂಡೆ. ಸೋತೆ. ಗುಂಪಿನ ಡಾಕ್ಟರಿಗೆ ಫೋನ್ ಮಾಡಿ ಹೇಳಿದೀನಿ. ನಿಮಗೂ ಹೇಳ್ತಿದೀನಿ."

ಸೊಸೆಯ ಚಮಚ ಗಾಳಿಯಲ್ಲೇ ನಿಂತಿತು. ಜೆರಾಕ್ಸ್ ಅಮ್ಮನ ಮುಖ ನೋಡಿದಳು.

"ಎಷ್ಟು ಹೊತ್ತಿಗೆ ತಗೊಂಡಿದ್ದು?" ಎಂದಳು ಸೊಸೆ.

"ಆರೂಕಾಲಿಗೆ."

"ಈಗ ಏಳೂಕಾಲು." ಅವಳು ಗಡಿಯಾರ ನೋಡಿದಳು. "ಹೋದ ಸಲ ಹೇಳೋಕೆ ಹನ್ನೊಂದು ತಿಂಗಳು ತಗೊಂಡಿದ್ರಿ."

"ಈ ಸಲ ಒಂದು ಗಂಟೆ."

"ಮೂಲೆ ಅಂಗಡಿ ದಾರಿ ಬೇಡ. ನಾಳೆಯಿಂದ ಹಿಂದಿನ ಬೀದಿಯಿಂದ ಬನ್ನಿ. ತಿನ್ನಿ ಈಗ." ಗಾಳಿಯಲ್ಲಿ ನಿಂತಿದ್ದ ಅವಳ ಚಮಚ ಬಾಯಿಗೆ ಹೋಯಿತು.

ಮಿಷನ್ ಹಾಕುವ ದಿನ ಬಂದಾಗ ಕಿವಿ ಖಾತೆಯಲ್ಲಿ ಇದ್ದದ್ದು ಹಳೇ ಮಾದರಿಯ ಒಂದು ಮಿಷನ್ನಿನ ಮೊದಲ ಕಂತಿಗಾಗುವಷ್ಟು. ಕಿವಿ ಡಾಕ್ಟರು ಕಂತಿಗೆ ಒಪ್ಪಿದರು. ಸೊಸೆಗೇ ಹೇಳಲು ಸಂಕಟ. ಹಾಳೆಯ ಮೇಲೆ ದೊಡ್ಡದಾಗಿ ಬರೆದು ತೋರಿಸಿದಳು: ಈಗ ಒಂದೇ ಕಿವಿ, ಅತ್ತೆ. ಇನ್ನೊಂದು ಮುಂದಿನ ವರ್ಷ.

"ಒಂದೇ ಒಳ್ಳೇದಾಯ್ತು," ಎಂದಳು ಅಜ್ಜಿ. "ಎರಡರಲ್ಲೂ ಕೇಳಿದ್ರೆ, ನಿಮ್ಮ ಮಾತೆಲ್ಲ ಬಿಡೋದು ಯಾವುದ್ರಲ್ಲಿ?"

ಡಾಕ್ಟರು ಬಲಗಿವಿಗೆ ಮಿಷನ್ ಕೂರಿಸಿ ಗುಂಡಿ ತಿರುಗಿಸಿದರು. ಅಜ್ಜಿ ಬೆಚ್ಚಿದಳು. ಫ್ಯಾನು, ಕಾಗದ, ತನ್ನದೇ ಬಳೆ. "ಎಷ್ಟು ಗಲಾಟೆ ಮಾಡ್ತೀರಪ್ಪಾ ನೀವೆಲ್ಲ," ಎಂದಳು. ಮನೆಗೆ ಹೋಗೋಣ ಎಂದರೆ ಒಪ್ಪಲಿಲ್ಲ. ಬಸ್ ನಿಲ್ದಾಣಕ್ಕೆ ನಡೆ ಎಂದಳು.

ನಾಲ್ಕನೇ ಅಂಕಣದ ಕಲ್ಲುಬೆಂಚಿನ ಮೇಲೆ ಮೂವರೂ ಕೂತರು. ಮೇಲೆ ಗಾಜಿನ ಕೋಣೆಯಲ್ಲಿ ಮೈಕುವಿನ ತಲೆ ಕಾಣುತ್ತಿತ್ತು, ತಗ್ಗಿದ ತಲೆ. ಕೈಯೊಂದು ಏನನ್ನೋ ಮೇಲಕ್ಕೂ ಕೆಳಕ್ಕೂ ಎಳೆದು ನೋಡುತ್ತಿತ್ತು. ಆಮೇಲೆ ತಲೆ ಎದ್ದಿತು. ಧ್ವನಿವರ್ಧಕ ಗರಗರ ಅಂದಿತು.

"ಪ್ರಯಾಣಿಕರ ಗಮನಕ್ಕೆ. ಐದು ಮೂವತ್ತರ ಬಸ್ಸು ಹತ್ತು ನಿಮಿಷ ತಡವಾಗಿ ನಾಲ್ಕನೇ ಅಂಕಣಕ್ಕೆ ಬರಲಿದೆ. ತೊಂದರೆಗಾಗಿ ಕ್ಷಮಿಸಿ."

ಅಜ್ಜಿ ತಲೆ ವಾಲಿಸಿ, ಎಕ್ಸ್‌ಚೇಂಜಿನಲ್ಲಿ ಕೂತವಳ ಹಾಗೆ ಒಂದು ಬೆರಳನ್ನು ಕಿವಿಯ ಹಿಂದಿಟ್ಟಿದ್ದಳು.

"ಇನ್ನೊಂದ್ಸಲ ಹೇಳ್ತಾನಾ?"

"ಎಲ್ಲಾನೂ ಎರಡೆರಡು ಸಲ ಹೇಳ್ತಾನೆ ಅಜ್ಜಿ," ಎಂದಳು ಜೆರಾಕ್ಸ್.

ಮೈಕು ಇನ್ನೊಂದು ಸಲ ಹೇಳಿದ. ಅಜ್ಜಿ ಕಣ್ಣು ಮುಚ್ಚಿ ಕೊನೆಯ ಶಬ್ದದವರೆಗೂ ಕೇಳಿದಳು.

"ಈಗೀಗ ಸ್ವಲ್ಪ ಮೂಗಿನಲ್ಲಿ ಮಾತಾಡ್ತಾನೆ. ನನಗೆ ಯಾರೂ ಹೇಳೇ ಇರ್ಲಿಲ್ಲ."

"ನಾವು ಇನ್ನೊಂದು ಬಸ್ಸಲ್ಲಿ ಹೋಗೋಣ ಅತ್ತೆ," ಎಂದಳು ಸೊಸೆ. "ಇದು ತಡ ಅಂತೆ."

ಅಜ್ಜಿ ಕೈಚೀಲವನ್ನು ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡು, ಬೆಂಚಿಗೆ ಬೆನ್ನು ಆನಿಸಿ ಕೂತಳು.

"ನನಗೂ ಕೇಳಿಸ್ತು ಕಣಮ್ಮ. ತಡ ಅಂದ. ಬರಲ್ಲ ಅನ್ಲಿಲ್ಲ."